ಜೆ.ಸಿ. ರಸ್ತೆಯಲ್ಲಿ ಪಂಪಿನ ಹುಡುಕಾಟ

ಚಾಮರಾಜಪೇಟೆಯ ಮಗ್ಗುಲಲ್ಲಿ, ಪುರಭವನದಿಂದ ಮಿನರ್ವ ವೃತ್ತಕ್ಕೆ ಸಾಗುವ ಜೆ.ಸಿ. ರಸ್ತೆಗೆ ಎರಡು ಬಗೆಯ ಜನ ಬರುತ್ತಾರೆ. ಕಲಾಕ್ಷೇತ್ರದ ನಾಟಕಕ್ಕೆ ಬರುವವರು ಕೆಲವರು. ಎಣ್ಣೆ ಮೆತ್ತಿದ ಬಿಡಿಭಾಗ ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುವವರು ಹಲವರು. ಹಳೆಯ ಸ್ಪೋರ್ಟ್ಸ್ ಕಾರಿನ ಒಡೆಯ ಈ ಎರಡನೆಯ ಗುಂಪಿನವನು.

ಅವನಿಗೆ ಬೇಕಾದದ್ದು ಟ್ಯಾಂಕಿನಿಂದ ಕಾರ್ಬುರೇಟರಿಗೆ ಪೆಟ್ರೋಲ್ ತಳ್ಳುವ ಪುಟ್ಟ ಪಂಪು. ಕಾರು ಟ್ರಯಂಫ್ ಸ್ಪಿಟ್‌ಫೈರ್ ಆದರೆ ಜಾಡು ಸಿಕ್ಕಂತೆಯೇ. ಅದರ ಎಂಜಿನ್, ಒಂದು ಕಾಲಕ್ಕೆ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್‌ನ ಮನೆತನದ್ದು. ಹೆರಾಲ್ಡ್ ಪಂಪಿನ ತೋಳು, ಬೋಲ್ಟಿನ ತೂತು ತಾಳೆಯಾದರೆ ಅರ್ಧ ಕೆಲಸ ಮುಗಿಯಿತು. ಎಂ.ಜಿ.ಬಿ. ಮಾತ್ರ ಸತಾಯಿಸುತ್ತದೆ. ಅದರ ಎಂಜಿನ್ ಅಂಬಾಸಡರಿನ ದಾಯಾದಿ, ನಿಜ. ಆದರೆ ಅಂಬಾಸಡರಿನ ಪಂಪು ಎಂಜಿನ್ನಿಗೇ ಅಂಟಿಕೊಂಡು ಅದರಿಂದಲೇ ನಡೆಯುವಂಥದ್ದು. ಎಂ.ಜಿ.ಬಿ.ಯದು ಕಾರಿನ ಹಿಂಭಾಗದಲ್ಲಿ ಕುಳಿತ ವಿದ್ಯುತ್ ಪಂಪು.

ಎಡವುವುದು ಇಲ್ಲೇ. 'ಇದೂ 12 ವೋಲ್ಟಿನದೇ ತಾನೆ' ಎಂದು ಇಂದಿನ ಇಂಜೆಕ್ಷನ್ ಕಾರಿನ ಪಂಪು ತಂದರೆ ಅನಾಹುತ. ಹಳೆಯ ಕಾರ್ಬುರೇಟರ್ ತಡೆಯುವುದು ಚದರ ಅಂಗುಲಕ್ಕೆ 3 ಪೌಂಡಿನ ಆಸುಪಾಸಿನ ಒತ್ತಡ. ಇದು 40 ಪೌಂಡಿಗೂ ಮೀರಿ ತಳ್ಳೀತು. ಉಕ್ಕಿದ ಪೆಟ್ರೋಲ್ ಬೀಳುವುದು ಕೆಳಗೇ ಇರುವ, ಕಾದ ಎಕ್ಸಾಸ್ಟ್ ಕೊಳವೆಯ ಮೇಲೆ! 1967ರವರೆಗಿನ ಎಂ.ಜಿ.ಬಿ.ಯಲ್ಲಿ ಬ್ಯಾಟರಿಯ ಧನ ತುದಿ ಬಾಡಿಗೆ ಜೋಡಣೆಯಾಗಿದೆ. ಎಲೆಕ್ಟ್ರಾನಿಕ್ ಪಂಪು ಕೊಳ್ಳುವವರು ಅದನ್ನೂ ನೋಡಬೇಕು. ಪೆಟ್ರೋಲಿಗೆ ಈಗ ಶೇ. 20ರವರೆಗೆ ಎಥನಾಲ್ ಬೆರೆಯುವುದರಿಂದ, ಒಳಗಿನ ರಬ್ಬರ್ ಪೊರೆ ಅದನ್ನು ತಾಳೀತೇ ಎಂದು ಅಂಗಡಿಯವರನ್ನು ಕೇಳಿಯೇ ದುಡ್ಡು ಕೊಡುವುದು ಲೇಸು.

ಎಂ.ಜಿ.ಬಿ.ಗೆ ಹೊಂದುವ ಎಸ್.ಯು. ಪಂಪು ಕೂತಿತೋ ಇಲ್ಲವೋ ಕಿವಿಗೇ ತಿಳಿಯುತ್ತದೆ. ಕೀಲಿ ತಿರುಗಿಸಿದೊಡನೆ ಟಕಟಕ ಬಡಿದು, ಕಾರ್ಬುರೇಟರ್ ತುಂಬುತ್ತಲೇ ಸುಮ್ಮನಾಗುತ್ತದೆ. ಬಡಿತ ನಿಲ್ಲದಿದ್ದರೆ ಎಲ್ಲೋ ಸೋರುತ್ತಿದೆ ಎಂಬ ಅನುಮಾನ. ಎಂಜಿನ್ ಚಾಲೂ ಮಾಡದೆ, ಕೀಲಿ ತೆಗೆದು, ಬಾನೆಟ್ ಎತ್ತಬೇಕು.