ಎರಡು ಪರದೆಗಳು

"ಕಣ್ಣು ಎರಡಿವೆ ಅಂತ ಪರದೆಯೂ ಎರಡು ಬೇಕೇನ್ಲಾ?" ಎಂದು ನಮ್ಮ ತಂದೆಯವರು ಕೇಳಿದಾಗ ನಾನು ಉತ್ತರ ಕೊಡಲಿಲ್ಲ. ಉತ್ತರವಿರಲಿಲ್ಲವೆಂದಲ್ಲ, ಕಿರುಗಾವಲಿನ ನಮ್ಮ ಮನೆಯ ನಡುಮನೆಯಲ್ಲಿ ನಿಂತು ಅವರಿಗೆ ಉತ್ತರ ಹೇಳಿ ಗೆದ್ದವರನ್ನು ನಾನು ಇದುವರೆಗೆ ಕಂಡಿಲ್ಲ.

ಪರದೆಗಳು ಎರಡಾದ ಕಥೆ ಇಷ್ಟೇ. 2020ರ ಲಾಕ್‌ಡೌನಿನಲ್ಲಿ ನಮ್ಮ ಅಕ್ಕ ಬೆಂಗಳೂರಿನಿಂದ ತನ್ನ ಗಣಕಯಂತ್ರವನ್ನು ಹೊತ್ತು ಊರಿಗೆ ಬಂದಳು. ಕಚೇರಿ ಮತ್ತೆ ತೆರೆದಾಗ ಅವಳು ಹೋದಳು, ಯಂತ್ರ ನನಗುಳಿಯಿತು. ಅದರ ಪರದೆ ಅಗಲವಾದದ್ದು. ಇನ್ನೊಂದನ್ನು ನಾನು ಮಳವಳ್ಳಿಯಲ್ಲಿ ಹಳೆಯ ಸಾಮಾನಿನ ಅಂಗಡಿಯಿಂದ ತಂದೆ. ಅದು ಚೌಕನೆಯದು, ಹಿಂದಿನ ಕಾಲದ್ದು. ಎರಡನ್ನೂ ಒಂದೇ ಮೇಜಿನ ಮೇಲೆ ಕೂರಿಸಿದರೆ ಹೊಸದಾಗಿ ಮದುವೆಯಾದ ಉದ್ದನೆಯ ಗಂಡು, ಗಿಡ್ಡನೆಯ ಹೆಣ್ಣಿನಂತೆ ಕಾಣುತ್ತಿದ್ದವು.

ಪರದೆಯನ್ನೇ ಮೇಜಿನ ಮೇಲ್ಮೈಯೆಂದು ಭಾವಿಸಿ ಅದರ ಮೇಲೆ ಕಡತ, ಕಾಗದಗಳನ್ನು ಚಿತ್ರವಾಗಿ ಹರಡುವ ಪದ್ಧತಿಯನ್ನು 1981ರಲ್ಲಿಯೇ ಜೆರಾಕ್ಸ್ ಕಂಪನಿ ತನ್ನ 'ಸ್ಟಾರ್' ಯಂತ್ರದಲ್ಲಿ ಮಾರಾಟಕ್ಕೆ ತಂದಿತ್ತು. ನಮ್ಮಲ್ಲಿ ಆ ಹೆಸರು ನಕಲು ತೆಗೆಯುವುದಕ್ಕಷ್ಟೇ ನಿಂತುಬಿಟ್ಟಿದೆ. ಒಂದು ಮೇಜನ್ನು ಹಲವು ಪರದೆಗಳಿಗೆ ಹರಡುವ ಅನುಕೂಲ 1987ರ ಮ್ಯಾಕಿಂತೋಷ್ ಎರಡರಲ್ಲಿಯೂ, 1998ರ ವಿಂಡೋಸಿನಲ್ಲಿಯೂ ಬಂತು. ನಮ್ಮ ನಡುಮನೆಗೆ ಬರುವುದಕ್ಕೆ ಮಾತ್ರ ಇಷ್ಟು ಕಾಲ ಹಿಡಿಯಿತು.

ತಂತಿ ಚುಚ್ಚಿದೊಡನೆ ಕೆಲಸವಾಯಿತೆಂದು ನೀವು ತಿಳಿಯಬಾರದು. ಯಾವ ಪರದೆ ಎಡಕ್ಕಿದೆ, ಯಾವುದು ಬಲಕ್ಕಿದೆ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ, ನಾವೇ ಹೇಳಿಕೊಡಬೇಕು. ನಾನು ತಿರುಗುಮುರುಗಾಗಿ ಹೇಳಿದೆ. ಬಾಣದ ಗುರುತನ್ನು ಬಲಕ್ಕೆ ತಳ್ಳಿದರೆ ಅದು ಗೋಡೆಗೆ ಹಾಯ್ದು ನಿಲ್ಲುತ್ತಿತ್ತು. ಎಡಕ್ಕೆ ತಳ್ಳಿದರೆ ಬಲಗಡೆಯ ಪರದೆಯಲ್ಲಿ ಹುಟ್ಟುತ್ತಿತ್ತು. ಅದನ್ನು ತಿದ್ದಿದ ಮೇಲೆ ಇನ್ನೊಂದು ತೊಡಕು. ಅಗಲದ ಪರದೆಯಲ್ಲಿ ಮೇಲಿಂದ ಕೆಳಕ್ಕೆ 768 ಚುಕ್ಕಿಗಳು, ಚೌಕದ್ದರಲ್ಲಿ 1024. ತಲೆಗಳನ್ನು ಸಮ ಮಾಡಿದರೆ ಕೆಳಗಿನ 256 ಚುಕ್ಕಿಗಳಷ್ಟು ಅಂಚಿಗೆ ಆಚೆ ಕಡೆ ಏನೂ ಇಲ್ಲ. ಬಾಣ ಅಲ್ಲಿಗೆ ಬಂದರೆ, ಬೇಲಿಯಲ್ಲಿ ಕಂಡಿ ಹುಡುಕುವ ಎಮ್ಮೆಯಂತೆ, ಮೇಲಕ್ಕೆ ಹತ್ತಿಯೇ ದಾಟಬೇಕು. ಇದಕ್ಕೆ ನಾನು ನಾಲ್ಕು ಸಂಜೆಗಳನ್ನು ಕಳೆದೆ. ನಡುವೆ ಎರಡು ಸಲ ದೀಪ ಹೋಯಿತು. ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತೆಂದು ಓದಿದವನಿಗೆ ಆ ಕತ್ತಲೆಯಲ್ಲಿ ಕುಳಿತಾಗ ಬರುವ ಯೋಚನೆಗಳೇ ಬೇರೆ.

ಆಮೇಲೆ ಮೇಜನ್ನು ಒಪ್ಪಮಾಡುವ ಕೆಲಸ. ನಮ್ಮೂರಿನ ಸೈಯದ್ ಘನಿ ಖಾನ್ ಅವರು ನೂರಾರು ನಾಟಿ ಭತ್ತದ ತಳಿಗಳನ್ನು ಬೇರೆಬೇರೆಯಾಗಿ ಬೆಳೆದು ಉಳಿಸಿಕೊಂಡು ಬಂದವರು. ಅವರ ಗದ್ದೆಯನ್ನು ನೆನೆದುಕೊಂಡು ನಾನೂ ಕಡತಗಳನ್ನು ಸಾಲುಸಾಲಾಗಿ ನೆಟ್ಟೆ: ಇತಿಹಾಸದ ಟಿಪ್ಪಣಿ ಒಂದು ಸಾಲು, ಪರೀಕ್ಷೆಯ ಅರ್ಜಿಗಳು ಒಂದು ಸಾಲು. ವಾರದೊಳಗೆ ಎಲ್ಲವೂ ಕಲಬೆರಕೆಯಾಯಿತು. ಬೇಸಾಯ ಎಲ್ಲರಿಗೂ ಒಲಿಯುವುದಿಲ್ಲ.

ಇನ್ನು ಹಿನ್ನೆಲೆಯ ಚಿತ್ರ. ಎರಡು ಪರದೆಗಳಿಗೂ ಒಂದೇ ಚಿತ್ರವನ್ನು ಹಾಸುವ ಸೌಕರ್ಯ 2012ರ ವಿಂಡೋಸ್ ಎಂಟರಿಂದ ಉಂಟು. 2018ರ ಸಂಕ್ರಾಂತಿಯಲ್ಲಿ ಅಕ್ಕ ನಾಲೆಯ ಏರಿಯ ಮೇಲೆ ನಿಂತು ನಮ್ಮ ಗದ್ದೆಯನ್ನು ಉದ್ದಕ್ಕೆ ಹಿಡಿದಿದ್ದಳು. ಎಡದ ತುದಿಯಲ್ಲಿ ತೆಂಗಿನ ಸಾಲು, ಬಲದ ತುದಿಯಲ್ಲಿ ಪಂಪುಮನೆ, ನಡುವೆ ಮಾವಿನ ಮರ, ಅದರ ಬುಡದಲ್ಲಿ ಅಜ್ಜಿ. ಮರುವರ್ಷ ಪಾಲಾಯಿತು. ತೆಂಗು ನಮಗೆ, ಪಂಪುಮನೆ ಚಿಕ್ಕಪ್ಪನಿಗೆ. ಮಾವಿನ ಮರ ತೆವರಿಯ ಮೇಲಿದ್ದುದರಿಂದ ಯಾರಿಗೂ ಅಲ್ಲದೆ ಜಗಳಕ್ಕೆ ಹೋಯಿತು. ಅಜ್ಜಿ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಇದ್ದು 2021ರಲ್ಲಿ ತೀರಿಕೊಂಡರು. ತಿಥಿಯಾದ ಮೇಲೆ ಅಣ್ಣತಮ್ಮಂದಿರಿಗೆ ಮಾತು ನಿಂತಿತು.

ಆ ಚಿತ್ರವನ್ನು ಹಾಸಿದೆ. ಪರದೆಗಳ ಚೌಕಟ್ಟು ಕೂಡುವ ಕಡೆ, ಸರಿಯಾಗಿ ಅಜ್ಜಿಯ ಮೇಲೆಯೇ, ಎರಡು ಬೆರಳಗಲದ ಕಪ್ಪು ಪಟ್ಟಿ ಬಿತ್ತು. ಅರ್ಧ ಮುಖ ಅತ್ತ, ಅರ್ಧ ಇತ್ತ. ಅಗಲದ ಪರದೆಯ ಚುಕ್ಕಿ ತುಸು ದೊಡ್ಡದಾದ್ದರಿಂದ ಎಡಗೆನ್ನೆ ಬಲಗೆನ್ನೆಗಿಂತ ಊದಿಕೊಂಡಿತ್ತು. ಅವರನ್ನು ಇಡಿಯಾಗಿ ಒಂದು ಕಡೆಗೆ ತರಬೇಕಾದರೆ ಚಿತ್ರವನ್ನು ಸರಿಸಬೇಕು. ಸರಿಸಿದರೆ ತೆಂಗಿನ ಸಾಲೋ ಪಂಪುಮನೆಯೋ ಹೊರಗುಳಿಯುತ್ತದೆ. ಯಾವುದನ್ನು ಬಿಡಲಿ? ನನಗೆ ಧೈರ್ಯವಾಗಲಿಲ್ಲ. ಹಾಗೆಯೇ ಬಿಟ್ಟೆ.

ಒಂದು ದಿನ ಚಿಕ್ಕಪ್ಪ ಬಾಗಿಲಲ್ಲಿ ನಿಂತರು. ಬೆಳೆಸಾಲಕ್ಕೆ ಪಹಣಿ ಬೇಕಂತೆ. ತಂದೆಯವರು ಒಳಮನೆಗೆ ಹೋದರು. ನಾನು ನಮ್ಮ ಪಹಣಿಯನ್ನು ಎಡದಲ್ಲಿಯೂ ಅವರದನ್ನು ಬಲದಲ್ಲಿಯೂ ತೆರೆದು ಹಿಸ್ಸಾ ನಂಬರುಗಳನ್ನು ತಾಳೆನೋಡಿದೆ. ಎರಡು ಪರದೆಗಳಿಂದ ಇಷ್ಟು ಅನುಕೂಲವುಂಟೆಂದು ಅಂದೇ ನನಗೂ ತಿಳಿದದ್ದು. ತಾಳೆಯಾದ ಮೇಲೆ ಎರಡನ್ನೂ ಕೆಳಕ್ಕಿಳಿಸಿದೆ. ಹಿಂದಿನ ಚಿತ್ರ ಕಂಡಿತು.

ಚಿಕ್ಕಪ್ಪ ಬಹಳ ಹೊತ್ತು ನೋಡಿದರು.

"ಇದೇನ್ಲಾ, ಅವ್ವನ್ನ ಸೀಳ್ಬುಟ್ಟಿದ್ದೀಯಲ್ಲ?"

ನಾನು ಕಾರಣ ಹೇಳಿದೆ.

"ಪಂಪುಮನೆ ತೆಗೆದಾಕು. ಅದನ್ನ ದಿನಾ ನೋಡ್ತೀನಿ. ಅವ್ವನ್ನ ಒಂದು ಕಡೆ ಮಾಡು."

ಒಳಗಿನಿಂದ ಕೆಮ್ಮು ಕೇಳಿಸಿತು. "ಪಂಪುಮನೆ ಗೋಡೆ ಕಟ್ಟಿದೋನು ನಾನು. ಅದು ಇರ್ಲಿ. ತೆಂಗಿನ ಸಾಲು ತೆಗಿ ಅನ್ನು," ಎಂದರು ತಂದೆಯವರು. ಹೇಳಿದ್ದು ನನಗೆ, ದನಿ ಮಾತ್ರ ಹೊರಬಾಗಿಲವರೆಗೆ ಕೇಳುವಷ್ಟಿತ್ತು.

"ತೆಂಗು ನೆಟ್ಟೋಳು ಅವ್ವ. ಅದನ್ನ ತೆಗೀಬೇಡ ಅನ್ನು," ಎಂದರು ಚಿಕ್ಕಪ್ಪ, ಅವರೂ ನನಗೇ.

ಹೀಗೆ ಕಾಲು ಗಂಟೆ ನಡೆಯಿತು. ಅಮ್ಮ ಕಾಫಿ ತಂದರು. ಚಿಕ್ಕಪ್ಪ ಕುಡಿದು, ಲೋಟ ಕೆಳಗಿಟ್ಟು ಹೊರಟುಹೋದರು. ಪಹಣಿಯನ್ನು ಮುದ್ರಿಸಿಕೊಳ್ಳುವುದನ್ನು ಇಬ್ಬರೂ ಮರೆತೆವು. ಮರುದಿನ ಬೆಳಿಗ್ಗೆ ಅವರು ಅದಕ್ಕಾಗಿ ಮತ್ತೆ ಬಂದಾಗ ತಂದೆಯವರು ಜಗಲಿಯ ಮೇಲೆಯೇ ಕುಳಿತಿದ್ದರು.