ಗರಗಸ ಕಲಿಸಿದ ಪಾಠ

2008ರ ಡಿಸೆಂಬರ್. ನ್ಯೂ ಹ್ಯಾಂಪ್‌ಷೈರಿನಲ್ಲಿ ಸುರಿದ ಮಳೆ ಕೊಂಬೆಕೊಂಬೆಯ ಮೇಲೂ ಹೆಪ್ಪುಗಟ್ಟಿ, ಮೇಪಲ್ ಮರವೊಂದು ನೆರೆಮನೆಯ ವೃದ್ಧೆಯ ಬಾಗಿಲಿಗೆ ಅಡ್ಡಬಿದ್ದಿತ್ತು. ಆಕೆಯ ಮನೆಯಲ್ಲಿ ವಿದ್ಯುತ್ತಿಲ್ಲ, ಬೆಂಕಿಯಿಲ್ಲ. ನನ್ನ ಪುಟ್ಟ ಯಂತ್ರಗರಗಸವೋ, ಸುಮ್ಮನಿದ್ದರೆ ಗುರುಗುಡುತ್ತಿತ್ತು. ಥ್ರಾಟಲ್ ಒತ್ತಿದೊಡನೆ ಉಸಿರುಗಟ್ಟಿ ನಿಲ್ಲುತ್ತಿತ್ತು.

ಕಾರ್ಬ್ಯುರೇಟರಿನ ತಿರುಪಿಗೆ ಕೈಹಾಕಿದವನಿಗೆ, ಮಲೆನಾಡಿನ ತೋಟದಲ್ಲಿ ಪಂಪು ಕೆಟ್ಟಾಗಲೆಲ್ಲ ತಂದೆಯವರು ಆಡುತ್ತಿದ್ದ ಮಾತು ನೆನಪಾಯಿತು: ‘ತಿರುಪು ಮುಟ್ಟೋ ಮುಂಚೆ ಕಸ ನೋಡೋ.’ ಗಾಳಿಯ ಫಿಲ್ಟರು ಶುದ್ಧವಾಗಿತ್ತು. ಟ್ಯಾಂಕಿನೊಳಗಿನ ಇಂಧನದ ಫಿಲ್ಟರು ಮಾತ್ರ ಬೇಸಿಗೆಯಿಂದ ಉಳಿದ ಪೆಟ್ರೋಲಿನ ಅಂಟಿನಿಂದ ಕಟ್ಟಿಹೋಗಿತ್ತು. ಅದನ್ನು ಬದಲಿಸಿ, 50ಕ್ಕೆ 1ರಂತೆ ಎಣ್ಣೆ ಬೆರೆಸಿದ ಹೊಸ ಪೆಟ್ರೋಲು ತುಂಬಿದೆ. ಗರಗಸ ಗರ್ಜಿಸಿತು.

ಸಂಜೆ ಆಕೆ ನಮ್ಮ ಅಗ್ಗಿಷ್ಟಿಕೆಯ ಬಳಿ ಕುಳಿತಿದ್ದಾಗ, ತಂದೆಯವರ ಕೊನೆಗಾಲದಲ್ಲಿ ಹತ್ತಿರವಿರಲಾಗದ ನನ್ನಲ್ಲಿಯೂ ಅವರದೊಂದಿಷ್ಟು ಉಳಿದಿದೆಯೆನಿಸಿತು.