ಕೊನೆಯ ರೀಲು

ಬಾಣಾವರದ ಟೆಂಟಿನಲ್ಲಿ ನೆಲದ ಮೇಲೆ ಕೂತು ಸಿನಿಮಾ ನೋಡಿದವರು ನಾವು. ಮೊದಲ ರೀಲು ಓಡುತ್ತಿದ್ದಂಗೇ ಕತೆ ಗೊತ್ತಾಗಿಬಿಡೋದು. ಬಡವರ ಹುಡುಗ ಸಾಹುಕಾರನ ಮಗಳನ್ನು ಮೆಚ್ತಾನೆ. ಸಾಹುಕಾರ ಚಾಟಿ ಎತ್ತುತ್ತಾನೆ. ಕೊನೆಯ ರೀಲಲ್ಲಿ ತೋಳಿನ ಮಚ್ಚೆ ಕಂಡು, ಆ ಹುಡುಗ ಜಾತ್ರೇಲಿ ಕಳೆದುಹೋದ ದೊಡ್ಡಮನೆ ಮಗನೇ ಅಂತಾಗುತ್ತದೆ. ಎಲ್ಲರೂ ಶಿಳ್ಳೆ ಹೊಡೆಯೋರು. ನಾವೂ ಹೊಡೆದೆವು.

ರಾತ್ರಿ ತೆಂಗಿನ ತೋಟ ದಾಟಿ ಕೇರಿಗೆ ಬರುವಾಗ ಒಂದು ಮಾತು ಕೊರೆಯೋದು. ಆ ಹುಡುಗ ಬಡವನ ಮಗನಾಗೇ ಗೆಲ್ಲಬಾರದಿತ್ತೆ? ನಮ್ಮ ತೋಳಲ್ಲಿ ಮಚ್ಚೆ ಇರಲಿಲ್ಲ, ಬರೆ ಇತ್ತು.

ಆಮೇಲೆ ‘ಬಂಗಾರದ ಮನುಷ್ಯ’ ನೋಡಿದೆವು. 1972ರ ಸಿನಿಮಾ. ಬರಡು ನೆಲದಲ್ಲಿ ಬೆಳೆ ತೆಗೆದ ರಾಜೀವ ಕೊನೆಗೆ ಎಲ್ಲ ಬಿಟ್ಟು ಊರಿಂದ ಹೊರಟೇಬಿಟ್ಟ. ಯಾರೂ ನೆನೆಸದ ಕೊನೆ. ಟೆಂಟೇ ಅತ್ತಿತು. ಮನೆಗೆ ಬಂದು ಹೇಳಿದರೆ ಅವ್ವ, “ಬಿಟ್ಟೋಗಾಕಾದ್ರೂ ಭೂಮಿ ಬ್ಯಾಡ್ವೇನ್ಲಾ?” ಅಂದಳು.

ಶಿವರಾಮ ಕಾರಂತರ ಕಾದಂಬರಿಯಿಂದ ಬಿ. ವಿ. ಕಾರಂತರು ತೆಗೆದ ‘ಚೋಮನ ದುಡಿ’ಗೆ 1975ರ ಸ್ವರ್ಣ ಕಮಲ ಬಂತು. ಎತ್ತು ಇದ್ದೂ ಉಳಲು ತುಂಡು ನೆಲ ಸಿಗದ ಚೋಮ, ದುಡಿ ಬಾರಿಸುತ್ತಲೇ ಸಾಯುತ್ತಾನೆ. ಓದಿದ ಗೆಳೆಯರು ‘ಎಂಥ ಅನಿರೀಕ್ಷಿತ ಅಂತ್ಯ!’ ಎಂದು ಬೆರಗಾದರು. ನಮಗೆ ಅದರಲ್ಲಿ ಹೊಸದೇನಿರಲಿಲ್ಲ. ನಮ್ಮ ಕೇರಿಯಲ್ಲಿ ಎಷ್ಟೋ ಮನೆಗಳ ಕತೆ ಮುಗಿದದ್ದೇ ಹಾಗೆ.

ನಾವು ಕಾಯುತ್ತಿರುವ ಕೊನೆ ಬೇರೆ. ಚೋಮ ಚೋಮನಾಗೇ ಇರಬೇಕು. ತನ್ನ ನೆಲದಲ್ಲಿ ನೇಗಿಲು ಹೂಡಬೇಕು. ಆ ರೀಲನ್ನು ಯಾವ ಟೆಂಟಿನವನೂ ತಂದು ತೋರಿಸೋದಿಲ್ಲ, ಗೆಳೆಯರೇ.